ಕೆಳಗಿನವರ ಕಿಂಡಿ

ನಮ್ಮೂರಿನ ಮನೆಗಳು ವರ್ಷಕ್ಕೆ ನಾಲ್ಕು ಬೆರಳು ಇಳಿಯುತ್ತವೆ. ಮೂರಲ್ಲ, ಐದಲ್ಲ, ನಾಲ್ಕು. ಬೀದಿ ಇದ್ದಲ್ಲೇ ಇರುತ್ತದೆ, ಮನೆ ಮಾತ್ರ ಇಳಿಯುತ್ತದೆ. ಹಾಗಾಗಿ ನಲವತ್ತು ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ಮೇಲೊಂದು ಅಂತಸ್ತು ಕಟ್ಟಿಸಿ, ಅಡಿಯ ಅಂತಸ್ತನ್ನು ನೆಲಕ್ಕೆ ಬಿಟ್ಟುಕೊಡುತ್ತಾರೆ. ಅಪ್ಪನ ಕಾಲದ ಕಿಟಕಿ ಮಗನ ಕಾಲಕ್ಕೆ ಬಾಗಿಲಾಗುತ್ತದೆ. ಹೊಸ್ತಿಲು ಎತ್ತರಿಸುವುದೇ ಇಲ್ಲಿ ಒಂದು ಕಸುಬು. ಹೊರಗಿನಿಂದ ಬಂದ ಸೊಸೆಯರು ಮೊದಲ ವರ್ಷ ಮೆಟ್ಟಿಲು ಎಣಿಸಿ ಅಳುತ್ತಾರೆ, ಎರಡನೆಯ ವರ್ಷ ಎಣಿಸುವುದನ್ನು ಬಿಡುತ್ತಾರೆ.

ನಾನು ನಗರಸಭೆಯ ಆರೋಗ್ಯ ವಿಭಾಗದಲ್ಲಿ ಮನೆಗಳ ಗಾಳಿ ಪರೀಕ್ಷಿಸುವವಳು. ಊರು ಕೂತಿರುವುದು ಗ್ರಾನೈಟ್ ಬಂಡೆಯ ಮೇಲೆ. ಬಂಡೆಯೊಳಗೆ ಚೂರುಪಾರು ಯುರೇನಿಯಂ ಇರುತ್ತದೆ. ಅದು ಕ್ಷಯಿಸುತ್ತ ಹೋದಂತೆ ಹುಟ್ಟುವ ಅನಿಲದ ಹೆಸರು ರೇಡಾನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಚದುರಿಹೋಗುತ್ತದೆ, ನೆಲದೊಳಗಿನ ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಅದನ್ನು ಅಳೆಯುವ ಘಟಕದ ಹೆಸರು ಬೆಕರೆಲ್. ಒಂದು ಘನ ಮೀಟರ್ ಗಾಳಿಯಲ್ಲಿ ನೂರು ಬೆಕರೆಲ್‌ಗಿಂತ ಕಡಿಮೆ ಇದ್ದರೆ ಒಳ್ಳೆಯದು, ಮುನ್ನೂರು ದಾಟಿದರೆ ಸುಮ್ಮನೆ ಕೂರುವಂತಿಲ್ಲ. ಇಷ್ಟನ್ನು ನಾನು ಈವರೆಗೆ ಮುನ್ನೂರ ಹನ್ನೆರಡು ಮನೆಗಳಲ್ಲಿ ಹೇಳಿದ್ದೇನೆ. ಎಲ್ಲ ಕಡೆಯೂ ಚಹಾ ಕೊಟ್ಟಿದ್ದಾರೆ.

ಮುನ್ನೂರ ಹದಿಮೂರನೆಯದು ನಮ್ಮದೇ ಮನೆ. ಅಲ್ಲಿ ಚಹಾ ಕೂಡ ಸಿಗಲಿಲ್ಲ.

ನಮ್ಮ ಮನೆಯ ಅಡಿಯ ಕೋಣೆ ಇಡೀ ಓಣಿಯ ಬಾಣಂತಿ ಕೋಣೆ. ಅದನ್ನು ನೋಡಿಕೊಳ್ಳುವವಳು ನನ್ನ ದೊಡ್ಡವ್ವ ತಂಗೆವ್ವ, ಅಂದರೆ ನನ್ನ ಅವ್ವನ ಅಕ್ಕ. ಆಕೆಗೆ ಅರವತ್ತನಾಲ್ಕು. ಅವಳು ಹುಟ್ಟಿದಾಗ ಆ ಕೋಣೆಯ ಕಿಟಕಿಯಲ್ಲಿ ಬೀದಿಯ ದನಗಳ ಮುಖ ಕಾಣುತ್ತಿತ್ತಂತೆ. ನಾನು ಹುಟ್ಟಿದಾಗ ಅವುಗಳ ಕಾಲು ಕಾಣುತ್ತಿತ್ತು. ಈಗ ಕಿಟಕಿಯ ತುಂಬ ಮಣ್ಣು. ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ, ನಾವೇನು ಕಾಡಿನವರಲ್ಲ. ಆದರೆ ಐದನೆಯ ದಿನ ತಾಯಿ ಮಗು ಈ ಕೋಣೆಗೆ ಇಳಿಯಲೇಬೇಕು, ಮೂರು ತಿಂಗಳು ಇಲ್ಲೇ ಇರಬೇಕು. ಕಾರಣ ಕೋಣೆಯ ಮೂಲೆಯಲ್ಲಿರುವ ಕಿಂಡಿ. ಒಂದು ತಂಬಿಗೆ ಇಳಿಯುವಷ್ಟು ಅಗಲದ ಆ ತೂತು ಅದಕ್ಕೂ ಕೆಳಗೆ ಮುಳುಗಿಹೋದ ಅಂತಸ್ತುಗಳಿಗೆ ತೆರೆದುಕೊಂಡಿದೆ. ಅಲ್ಲಿ ಬದುಕಿ ಹೋದವರನ್ನು ನಾವು ಕೆಳಗಿನವರು ಅನ್ನುತ್ತೇವೆ. ಕಿಂಡಿ ಓಣಿಯ ಬೇರೆ ಮನೆಗಳಲ್ಲೂ ಇದೆ, ಎಲ್ಲಕ್ಕಿಂತ ಹಳೆಯದು ನಮ್ಮದು. ಹೊಸ ಮಗುವಿನ ಅಳು ಆ ಕಿಂಡಿಯಿಂದ ಅವರಿಗೆ ಕೇಳಬೇಕು. ಅದಕ್ಕೇ ಕಿಂಡಿಯನ್ನು ಯಾವತ್ತೂ ಮುಚ್ಚುವುದಿಲ್ಲ.

ಮೂರು ತಿಂಗಳಲ್ಲಿ ತಾಯಿ ಮಗುವಿಗೆ ಹೇಳಿಕೊಳ್ಳುವಂಥ ಅಪಾಯವಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಹೆದರಿಕೆ ಇದ್ದದ್ದು ದೊಡ್ಡವ್ವನ ಬಗ್ಗೆ. ಬಾಣಂತಿಯರು ಬರುತ್ತಾರೆ, ಮೇಲೆ ಹೋಗುತ್ತಾರೆ. ಅವಳು ಮೂವತ್ತಮೂರು ವರ್ಷದಿಂದ ಅದೇ ಕೋಣೆಯಲ್ಲಿ ಉಣ್ಣುತ್ತಾಳೆ, ಅದೇ ಕೋಣೆಯಲ್ಲಿ ಮಲಗುತ್ತಾಳೆ. ಅವಳ ಜೊತೆಗೆ ಇಪ್ಪತ್ತೆರಡು ವರ್ಷ ಅಲ್ಲೇ ಇದ್ದ ನನ್ನ ಅವ್ವ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತಳು. ರೇಡಾನಿನಿಂದಲೇ ಸತ್ತಳು ಎಂದು ನಾನು ಹೇಳಲಾರೆ, ಹಾಗೆ ಸಾಬೀತು ಮಾಡುವ ದಾರಿಯಿಲ್ಲ. ಅವಳು ಬೀಡಿ ಮುಟ್ಟಿದವಳಲ್ಲ ಎಂದಷ್ಟೇ ಹೇಳಬಲ್ಲೆ. ಆಮೇಲೆ ನನಗೆ ಉಳಿದವಳು ದೊಡ್ಡವ್ವ ಒಬ್ಬಳೇ. ಈ ಚಳಿಗಾಲದಲ್ಲಿ ಅವಳಿಗೂ ಕೆಮ್ಮು ಶುರುವಾಗಿತ್ತು. ವೈದ್ಯರು ಎಕ್ಸ್‌ರೇ ನೋಡಿ ಸದ್ಯಕ್ಕೆ ಏನೂ ಇಲ್ಲ ಎಂದರು. ಸದ್ಯಕ್ಕೆ ಎಂಬ ಪದವನ್ನು ನಾನು ಕೇಳಿಸಿಕೊಂಡೆ, ಅವಳು ಏನೂ ಇಲ್ಲ ಎಂಬುದನ್ನು ಕೇಳಿಸಿಕೊಂಡಳು.

ಪಕ್ಕದ ಮನೆಯ ಗುರುಬಾಯಿಯ ಮಗಳು ಕಸ್ತೂರಿ ಆಗ ಆರು ತಿಂಗಳ ಬಸುರಿ. ಅವಳು ಹೆತ್ತು ಕೆಳಗಿಳಿದಳೆಂದರೆ ಮೂರು ತಿಂಗಳು ಆ ಕೋಣೆಗೆ ಗಂಡಸರು, ಗಾರೆ, ಸುತ್ತಿಗೆ ಯಾವುದೂ ಹೋಗುವಂತಿಲ್ಲ. ದೊಡ್ಡವ್ವ ಹಗಲೂ ರಾತ್ರಿ ಅಲ್ಲಿಂದ ಏಳುವುದಿಲ್ಲ. ಆಗುವುದಿದ್ದರೆ ಅಷ್ಟರೊಳಗೆ ಆಗಬೇಕಿತ್ತು.

ಪರೀಕ್ಷೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಅಂಗೈ ಅಗಲದ ಡಬ್ಬಿ, ಅದರೊಳಗೆ ಇದ್ದಿಲು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮುಚ್ಚಳ ತೆಗೆದು ಮೂರು ದಿನ ಇಟ್ಟರೆ ಇದ್ದಿಲು ರೇಡಾನನ್ನು ಹೀರಿಕೊಳ್ಳುತ್ತದೆ. ಆಮೇಲೆ ಬಿಗಿಯಾಗಿ ಮುಚ್ಚಿ ಪ್ರಯೋಗಾಲಯಕ್ಕೆ ಕಳಿಸಬೇಕು. ಮಾಡಬೇಕಾದ್ದು ಒಂದೇ: ಮೂರು ದಿನ ಡಬ್ಬಿಯನ್ನು ಮುಟ್ಟದಿರುವುದು. ಮೊದಲ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟು ಇದನ್ನು ಎರಡು ಸಲ ಹೇಳಿ ಹೋದೆ. ನಾಲ್ಕನೆಯ ದಿನ ಬಂದು ನೋಡಿದರೆ ಡಬ್ಬಿ ಖಾಲಿ, ತೊಳೆದು ಬೋರಲು ಹಾಕಿದೆ.

"ಇದ್ದಿಲು ಎಲ್ಲಿ ದೊಡ್ಡವ್ವಾ?"

"ಒಳ್ಳೇ ಇದ್ದಿಲು ತಂದಿದ್ದಿ ಬಿಡು. ಸಂಜೀಕ ಲೋಬಾನ ಹಾಕಾಕ ಹೊಗೆಬಟ್ಟಲಿಗಿ ಸುರಿದೆ. ಚಟ್ ಅನ್ನಲಿಲ್ಲ, ಪಟ್ ಅನ್ನಲಿಲ್ಲ, ಎಷ್ಟ ಚಂದ ಉರೀತು. ಇನ್ನೊಂದೀಟು ಇದ್ರ ತಾ."

ಬಾಣಂತಿ ಕೋಣೆಯಲ್ಲಿ ಇದ್ದಿಲನ್ನು ತೆರೆದಿಟ್ಟು ಹೋದ ತಪ್ಪು ನನ್ನದೇ ಎಂದು ಕಚೇರಿಯ ದಾಖಲೆಯಲ್ಲಿ ಬರೆದೆ. ಎರಡನೆಯ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಸುಡಬಾರದು ಎಂದು ಬರೆದು ಇಟ್ಟೆ. ಯಾರೂ ಸುಡಲಿಲ್ಲ. ಫಲಿತಾಂಶ ಹದಿನೆಂಟು ಬೆಕರೆಲ್ ಬಂತು. ಮಾಳಿಗೆಯ ಮೇಲೂ ಅಷ್ಟು ಕಡಿಮೆ ಬರುವುದು ಅಪರೂಪ. ಇದೇನೆಂದು ನಾನು ವಿಚಾರಿಸುವ ಮೊದಲೇ ಸುದ್ದಿ ಓಣಿಯಲ್ಲಿ ಹಬ್ಬಿ, ಗುರುಬಾಯಿ ಮನೆಮನೆಗೆ ಮಂಡಕ್ಕಿ ಹಂಚಿದ್ದಳು. ಆ ವಾರವೇ ವಾರ್ಡಿನ ಸದಸ್ಯರು ಓಣಿಯ ಬಾಯಿಗೆ "ಶುದ್ಧ ಗಾಳಿಯ ಓಣಿ" ಎಂದು ಫಲಕ ಹಾಕಿಸಿದರು. ಆಮೇಲೆ ಗೊತ್ತಾಯಿತು, ಬಾಣಂತಿ ಇಳಿದು ಬರುವ ಕೋಣೆಯಲ್ಲಿ ಕರೀ ಡಬ್ಬಿ ಇರಬಾರದೆಂದು ಗುರುಬಾಯಿಯೇ ಅದನ್ನು ಎತ್ತಿ ಮಾಳಿಗೆಯ ಕೈಪಿಡಿ ಗೋಡೆಯ ಮೇಲೆ ಮೂರು ದಿನ ಇಟ್ಟಿದ್ದಳು. ಫಲಕ ತೆಗೆಸಿ ಎಂದು ಅರ್ಜಿ ಕೊಟ್ಟೆ. ಠರಾವು ಪಾಸಾಗಿದೆ, ತೆಗೆಯಲು ಇನ್ನೊಂದು ಠರಾವು ಬೇಕು ಎಂದರು. ಫಲಕ ಇವತ್ತಿಗೂ ಅಲ್ಲೇ ಇದೆ.

ಮೂರನೆಯ ಡಬ್ಬಿಗೆ ನಾನೇ ಕಾವಲು ಕೂತೆ. ಮೂರು ದಿನ ರಜೆ ಹಾಕಿ, ಬಾಗಿಲು ಮುಚ್ಚಿಸಿ, ಸ್ಟೂಲಿನ ಪಕ್ಕದಲ್ಲಿ ಚಾಪೆ ಹಾಸಿಕೊಂಡೆ.

"ನಿನಗೇನ ಹಿಡದೈತಿ ಅನಸೀ?" ಎಂದು ನನ್ನ ಹೆಸರು ಹಿಡಿದು ಕೇಳಿದಳು ದೊಡ್ಡವ್ವ. "ಒಂದು ಡಬ್ಬೀಗಿ ಬಾಣಂತನ ಮಾಡಾಕತ್ತಿ."

"ನೀನು ಮೂರು ದಿನ ಅದನ್ನ ಮುಟ್ಟಬ್ಯಾಡ, ಅಷ್ಟ ಸಾಕು."

"ನಾನ್ಯಾಕ ಮುಟ್ಟಲಿ? ಅದಕ್ಕೇನ ಹಸಿವ್ಯಾಗೈತೇನ?"

ಸಾವಿರದ ನೂರಾ ನಲವತ್ತು ಬಂತು. ಚೀಟಿ ಹಿಡಿದುಕೊಂಡು ಓಣಿಗೆ ಬಂದಾಗ ಗುರುಬಾಯಿ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಂಕಿ ಕೇಳಿ ಅವಳ ಮುಖ ಅರಳಿತು.

"ಸಾವಿರದ ಮ್ಯಾಲ ಬಂತ? ಮೇಲಿನ ಓಣಿಯವರಿಗಿ ಬರೇ ಇನ್ನೂರಾ ಹತ್ತು ಬಂದೈತಂತ. ಮೆರಿಯಾಕ ಹತ್ತಿದ್ರು ಅವರು!"

"ಗುರುಬಾಯಕ್ಕಾ, ಇದು ಪರೀಕ್ಷೆಯ ಮಾರ್ಕಲ್ಲ. ಕಡಿಮಿ ಬಂದಷ್ಟು ಚಲೋ."

"ಹೋದಸಲ ಕಡಿಮಿ ಬಂದಾಗ ನೀನೇ ಅಲ್ಲೇನ ಸಿಟ್ಟಾದಾಕಿ?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು. ಆದರೆ ಅದಕ್ಕೆ ಅರ್ಧ ಗಂಟೆ ಬೇಕಿತ್ತು, ಅವಳ ಅವರೆಕಾಯಿ ಮುಗಿಯುತ್ತ ಬಂದಿತ್ತು.

ಗೌಂಡಿ ದಾವಲಸಾಬನನ್ನು ಕರೆಸಿದೆ. ನಲವತ್ತು ವರ್ಷ ಈ ಊರಿನ ಹೊಸ್ತಿಲುಗಳನ್ನು ಎತ್ತರಿಸಿದವನು. ಅವನು ಕೋಣೆಯ ನೆಲದ ಬಿರುಕುಗಳನ್ನೆಲ್ಲ ಕೆತ್ತಿ ತುಂಬಿದ. ಗೋಡೆ ನೆಲ ಕೂಡುವ ಸಂದಿನಲ್ಲಿ ಮೇಣದಂಥ ಗಾರೆ ಬಳಿದ. ಕೊನೆಗೆ ಕಿಂಡಿಯ ಎದುರು ಕೂತು ಅಂಗೈ ಹಿಡಿದು ನೋಡಿದ.

"ಇಲ್ಲಿಂದ ತಣ್ಣಗ ಊದಾಕತ್ತೈತಿ ನೋಡ್ರಿ ಬಾಯಾರ. ಬಿರುಕು ಮುಚ್ಚಿ ಏನ್ ಮಾಡೂದ? ಹೆಬ್ಬಾಗಿಲಾ ತಗದಿಟ್ಟು ಬೆಕ್ಕಿನ ಸಂದಿಗಿ ಬೀಗ ಹಾಕಿದಂಗ."

"ಹಂಗಾರ ಇದಕ್ಕೂ ಒಂದು ಮುಚ್ಚಳ ಮಾಡು."

ಮೆಟ್ಟಿಲ ಮೇಲೆ ಕೂತಿದ್ದ ದೊಡ್ಡವ್ವ ಎದ್ದು ಬಂದು ಕಿಂಡಿಯ ಮೇಲೆ ಕೂತುಬಿಟ್ಟಳು. ಕೂಗಾಡಲಿಲ್ಲ. ಸೀರೆಯ ಸೆರಗನ್ನು ಮೊಣಕಾಲ ಮೇಲೆ ಹಾಕಿಕೊಂಡು, ಬಸ್ಸಿಗೆ ಕಾಯುವವಳಂತೆ ಕೂತಳು.

"ಮುಚ್ಚು ದಾವಲಾ. ನನ್ನನ್ನೂ ಸೇರಿಸಿ ಮುಚ್ಚು."

ದಾವಲಸಾಬ ಕರಣಿ ಕೆಳಗಿಟ್ಟ. ನಾನು ಅಂಕಿ ಹೇಳಿದೆ. ಮಿತಿ ಹೇಳಿದೆ. ಅವ್ವನ ಹೆಸರು ಹೇಳಿದೆ, ಅದನ್ನು ಹೇಳಬಾರದೆಂದು ಮೆಟ್ಟಿಲು ಇಳಿಯುವಾಗಲೇ ನಿಶ್ಚಯಿಸಿಕೊಂಡಿದ್ದರೂ.

"ನಿಮ್ಮವ್ವ ಈ ಕೋಣ್ಯಾಗ ಸತ್ಲು, ಖರೆ," ಎಂದಳು ದೊಡ್ಡವ್ವ. "ಈಗ ಕೆಳಗಿನವರ ಜೋಡಿ ಅದಾಳ. ಅಕೀಗಿ ಕೂಸಿನ ದನಿ ಕೇಳೂದು ಇದೊಂದ ದಾರೀಲೆ. ಅದನ್ನ ನೀನ ಮುಚ್ಚತೀ ಏನ?"

ದಾವಲಸಾಬ ಗಂಟಲು ಸರಿ ಮಾಡಿಕೊಂಡ. ಕಿಂಡಿ ಮುಚ್ಚುವುದು ಬೇಡ, ಎದುರು ಮೂಲೆಯಲ್ಲಿ ಇನ್ನೊಂದು ತೂತು ಕೊರೆದು ನಾಲ್ಕಿಂಚಿನ ಕೊಳವೆ ಇಳಿಸೋಣ ಎಂದ. ಕೊಳವೆ ಎಲ್ಲ ಅಂತಸ್ತು ದಾಟಿ ಮಾಳಿಗೆಯ ಮೇಲೆ ಹೋಗಲಿ, ತುದಿಗೆ ಒಂದು ಫ್ಯಾನು ಕೂರಿಸಿದರೆ ಕೆಳಗಿನ ಟೊಳ್ಳಿನ ಗಾಳಿಯನ್ನೆಲ್ಲ ಎಳೆದು ಆಕಾಶಕ್ಕೆ ಬಿಡುತ್ತದೆ. ಪುಸ್ತಕದಲ್ಲಿ ಇರುವುದೂ ಇದೇ. ಅದನ್ನು ಅವನಿಗೆ ಹೇಳಬೇಕಾದವಳು ನಾನು, ಹೇಳಿದವನು ಅವನು. ಐದು ದಿನದಲ್ಲಿ ಕೊಳವೆ ನಿಂತಿತು. ಕಿವಿಗೊಟ್ಟು ಕೇಳಿದರೆ ಮಾತ್ರ ಕೇಳುವಂತೆ ಫ್ಯಾನು ಗುಂಯ್‌ಗುಟ್ಟುತ್ತಿತ್ತು. ಕಸ್ತೂರಿಗೆ ಎಂಟು ತಿಂಗಳು ತುಂಬಿತ್ತು. ನಾಲ್ಕನೆಯ ಡಬ್ಬಿ ಇಟ್ಟೆ. ಈ ಸಲ ಯಾರೂ ಮುಟ್ಟಲಿಲ್ಲ, ಸುಡಲಿಲ್ಲ, ಸ್ಥಳಾಂತರಿಸಲಿಲ್ಲ.

ಒಂಬೈನೂರ ಎಪ್ಪತ್ತು ಬಂತು.

ಚೀಟಿಯನ್ನು ತಿರುಗಿಸಿ ನೋಡಿದೆ, ಹಿಂದೆ ಇನ್ನೇನಾದರೂ ಬರೆದಿರಬಹುದೇನೋ ಎಂಬಂತೆ. ಪ್ರಯೋಗಾಲಯಕ್ಕೆ ಫೋನು ಮಾಡಿ ಜಗಳವಾಡಿದೆ. ದಾವಲಸಾಬನನ್ನು ಮಾಳಿಗೆ ಹತ್ತಿಸಿದೆ. ಕೊಳವೆಯಲ್ಲಿ ದೋಷವಿಲ್ಲ, ಫ್ಯಾನಿನಲ್ಲಿ ದೋಷವಿಲ್ಲ. ಮೆಟ್ಟಿಲ ತಿರುವಿನಲ್ಲಿದ್ದ ಸ್ವಿಚ್ಚು ಮಾತ್ರ ಆಫ್ ಆಗಿತ್ತು, ಅದರ ಮೇಲೆ ದೊಡ್ಡವ್ವನ ಹಳೆಯ ರವಿಕೆ ನೇತಾಡುತ್ತಿತ್ತು.

"ಎಷ್ಟು ದಿನದಿಂದ ಆಫ್ ಐತಿ ಇದು?"

"ನೀನು ಕಚೇರಿಗಿ ಹೋದಾಗೆಲ್ಲ ಆರಸ್ತೀನಿ, ಬರೂ ಹೊತ್ತಿಗಿ ಹಚ್ಚತೀನಿ. ಇವತ್ತ ನೀನ ಲಗೂ ಬಂದಿ," ಎಂದಳು, ತಪ್ಪು ನನ್ನದು ಎಂಬ ಧಾಟಿಯಲ್ಲಿ. "ಬಾಣಂತಿ ಕೋಣ್ಯಾಗ ಗಾಳಿ ಆಡಬಾರದು. ಮ್ಯಾಲ ಅದು ಗುಂಯ್ ಅನ್ನಾಕತ್ರ ಕೆಳಗಿನವರಿಗಿ ಏನ್ ಕೇಳಸ್ತೈತಿ?"

"ಮಲಗೂವಾಗರ ಹಚ್ಚಿರ್ತಿದ್ದೇನ?"

"ನಿದ್ದಿ ಬ್ಯಾಡೇನ ನನಗ?"

ಆ ದಿನ ನಾನು ಮಾಡಿದ್ದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ದಾವಲಸಾಬನ ಭಾಮೈದ ಕರೆಂಟಿನ ಕೆಲಸದವನು. ಅವನಿಂದ ಸ್ವಿಚ್ಚನ್ನು ಕೀಳಿಸಿ, ಮಾಳಿಗೆಯ ಮೇಲೆ ಕಬ್ಬಿಣದ ಪೆಟ್ಟಿಗೆಯೊಳಗೆ ಹಾಕಿಸಿ ಬೀಗ ಜಡಿದೆ. ಬೀಗದ ಕೈಯನ್ನು ಕಚೇರಿಯ ಕಪಾಟಿನಲ್ಲಿಟ್ಟೆ. ದೊಡ್ಡವ್ವ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯಬೇಕಾದರೆ ಗೋಡೆಗೆ ಹೇಳುತ್ತಿದ್ದಳು: "ರೊಟ್ಟಿ ಆಗ್ಯಾವ. ಕೀಲಿ ಹಾಕೂ ಮಂದಿಗಿ ಹಸಿವಿ ಆಗಿದ್ರ ಉಣ್ಣಲಿ."

ಮೂರು ವಾರ ಹೀಗೇ ಕಳೆಯಿತು. ಕಸ್ತೂರಿ ಹೆಣ್ಣು ಹೆತ್ತಳು. ಐದನೆಯ ದಿನ ಬೆಳಿಗ್ಗೆ ಓಣಿಯ ಹೆಂಗಸರು ಮೂವತ್ತೆಂಟು ಮೆಟ್ಟಿಲು ಇಳಿದು ಕೋಣೆಯಲ್ಲಿ ಕಿಕ್ಕಿರಿದರು. ನಾನೂ ಇಳಿದೆ, ಬೈಸಿಕೊಳ್ಳಲು ತಯಾರಾಗಿಯೇ. ಕೊಳವೆಯ ಗುಂಯ್ ಕೇಳಿಸುತ್ತಿತ್ತು. ಇಷ್ಟು ಹೆಂಗಸರು ಸುಮ್ಮನಿದ್ದುದರಿಂದ ಅದು ಎಂದಿಗಿಂತ ಜೋರಾಗಿ ಕೇಳಿಸಿತು.

"ನಮ್ಮ ಕಾಲದಾಗ ಬಾಣಂತಿ ಕೋಣಿ ಅಂದ್ರ ಕೂಸಿನ ಉಸಿರ ಕೇಳತಿತ್ತು," ಎಂದಳು ಗುರುಬಾಯಿ, ನನ್ನ ಕಡೆ ನೋಡದೆ. "ಈಗ ಗಿರಣಿ ಕೇಳತೈತಿ."

"ಆರಸಾಕ ಬರಂಗಿಲ್ಲಂತ. ನಗರಸಭಾದ ಕೀಲಿ ಬಿದ್ದೈತಿ," ಎಂದು ಇನ್ನೊಬ್ಬಳು ಸೇರಿಸಿದಳು.

ದೊಡ್ಡವ್ವ ಹೊಗೆಬಟ್ಟಲಿಗೆ ಕೆಂಡ ಹಾಕಿ, ಲೋಬಾನ ಉದುರಿಸಿ, ಕಿಂಡಿಯ ಹತ್ತಿರ ಕೂತಳು. ಇಷ್ಟು ಸದ್ದು ಮಾಡಿದ್ದಕ್ಕೆ ಕೆಳಗಿನವರ ಕ್ಷಮೆ ಕೇಳುವುದಿತ್ತು. ಕೂತವಳು ಅಭ್ಯಾಸದಂತೆ ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡಳು. ಯಾಕೆಂದರೆ ಕಿಂಡಿಯ ಮುಂದಿಟ್ಟ ಹೊಗೆ ಯಾವತ್ತೂ ಮುಖಕ್ಕೇ ಬಡಿಯುತ್ತದೆ. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ, ಅವ್ವನ ಕಣ್ಣಲ್ಲಿ ನೀರು, ದೊಡ್ಡವ್ವನ ಕಣ್ಣಲ್ಲಿ ನೀರು. ಕೆಳಗಿನವರಿಗೆ ನಮ್ಮ ಮೇಲೆ ಮುನಿಸು, ಕೊಟ್ಟದ್ದನ್ನು ತೆಗೆದುಕೊಳ್ಳುವುದಿಲ್ಲ, ತಿರುಗಿ ಊದುತ್ತಾರೆ ಎನ್ನುವುದು ಓಣಿಗೆಲ್ಲ ಗೊತ್ತಿದ್ದ ಮಾತು. ಹಾಗೆ ಊದುತ್ತಿದ್ದ ಗಾಳಿಯನ್ನೇ ನಾನು ಡಬ್ಬಿಯಲ್ಲಿ ಹಿಡಿದು ಅಳೆದದ್ದು.

ಹೊಗೆ ಬಟ್ಟಲಿನಿಂದ ಎದ್ದಿತು. ಒಂದು ಗೇಣು ಮೇಲೇರಿ, ನಿಂತು, ಬಗ್ಗಿತು. ಆಮೇಲೆ ಜಡೆ ಹೆಣೆದಂತೆ ಒತ್ತಾಗಿ ಸುತ್ತಿಕೊಂಡು ಕಿಂಡಿಯೊಳಗೆ ಇಳಿಯಿತು. ದೊಡ್ಡವ್ವ ಮುಖ ಈಚೆ ತಿರುಗಿಸಿದಳು. ಇನ್ನೊಂದು ಚಿಟಿಕೆ ಲೋಬಾನ ಹಾಕಿದಳು. ಅದೂ ಇಳಿಯಿತು. ಯಾರ ಕಣ್ಣಿಗೂ ಹೊಗೆ ತಾಗಲಿಲ್ಲ.

"ತಗೊಂಡ್ರು," ಎಂದಳು ಗುರುಬಾಯಿ ಪಿಸುದನಿಯಲ್ಲಿ. "ಅಯ್ಯ ನನ ಶಿವನ, ತಗೊಂಡ್ರು."

ನಾನು ಸುಮ್ಮನಿರಬಹುದಿತ್ತು. ಕಾಣದೆ ಇದ್ದುದನ್ನು ಕಂಡೆನೆನ್ನುವುದು ನನ್ನಿಂದಾಗದು. "ಅದು ಫ್ಯಾನು," ಎಂದೆ. "ಕೆಳಗಿನ ಗಾಳಿಯನ್ನ ಕೊಳವಿ ಎಳಕೊಂತೈತಿ. ಅದಕ್ಕ ಕೋಣಿ ಗಾಳಿ ಕಿಂಡ್ಯಾಗ ಇಳೀತೈತಿ. ಮೊದಲ ಮ್ಯಾಲ ಬರತಿತ್ತು, ಈಗ ಕೆಳಗ ಹೊಂಟೈತಿ. ಅಷ್ಟ."

ಹೆಂಗಸರೆಲ್ಲ ನನ್ನತ್ತ ನೋಡಿದರು, ಪೂಜೆಯ ನಡುವೆ ಬಸ್ಸಿನ ವೇಳಾಪಟ್ಟಿ ಓದಿದವಳನ್ನು ನೋಡುವಂತೆ. ಮೂರು ವಾರದಲ್ಲಿ ಮೊದಲ ಸಲ ದೊಡ್ಡವ್ವ ನನ್ನೊಂದಿಗೆ ನೇರ ಮಾತಾಡಿದಳು.

"ಫ್ಯಾನ್ ಎಳೀತೈತಿ ಅನ್ನೂದು ನನಗ ತಿಳೀದೇನ? ನಾ ಏನ್ ಹುಚ್ಚಿ ಅಂತ ತಿಳದೀಯೇನ? ಬಾವ್ಯಾಗಿನ ನೀರ ಹಗ್ಗ ಎಳೀತೈತಿ. ಹಂಗಂತ ನಾವು ಹಗ್ಗಾ ಕುಡೀತೀವೇನ?" ಮಗುವನ್ನು ಕಸ್ತೂರಿಯ ಕೈಯಿಂದ ಇಸಿದುಕೊಂಡು ಕಿಂಡಿಯ ಹತ್ತಿರ ಹಿಡಿದಳು. ಅದು ಕೆಂಪಗಾಗಿ ಚೀರಿತು. ಮಗುವಿನ ಬೆನ್ನು ತಟ್ಟುತ್ತ ಹೇಳಿದಳು: "ಆ ಕೀಲಿಕೈ ಕಚೇರ್ಯಾಗ ಇರಲಿ. ಇಲ್ಲಿ ತರಬ್ಯಾಡ. ಯಾರರ ಆರಸಿಗಿರಿಸ್ಯಾರು."

ವಾರದೊಳಗೆ ಓಣಿಯ ಒಂಬತ್ತು ಮನೆಗಳಿಂದ ನಗರಸಭೆಗೆ ಅರ್ಜಿ ಬಂತು. ಅವುಗಳನ್ನು ನಾನೇ ಓದಿದೆ. ಒಂದರಲ್ಲೂ ರೇಡಾನ್ ಎಂಬ ಪದವಿಲ್ಲ. ಎಲ್ಲದರಲ್ಲೂ ಒಂದೇ ಬೇಡಿಕೆ: ನಮ್ಮ ಕಿಂಡಿಯಲ್ಲೂ ಹೊಗೆ ಇಳಿಯುವಂತೆ ಮಾಡಿಕೊಡಬೇಕು. ಪರೀಕ್ಷೆ ಮಾಡದೆ ಫ್ಯಾನು ಕೂರಿಸುವಂತಿಲ್ಲ ಎಂದು ನಾನು ಬರೆದೆ. ಪರೀಕ್ಷೆ ಬೇಡ, ಫ್ಯಾನು ಸಾಕು ಎಂದು ಅವರು ಬರೆದರು. ಹನ್ನೊಂದು ವರ್ಷ ಗಂಟಲು ಹರಿದುಕೊಂಡಿದ್ದೇನೆ, ಒಬ್ಬರೂ ಕೊಳವೆ ಕೇಳಿರಲಿಲ್ಲ. ಲೋಬಾನದ ಹೊಗೆಯನ್ನೂ ಜಾಸ್ತಿ ಉಸಿರಾಡಬೇಡಿ, ಅದೂ ಎದೆಗೆ ಒಳ್ಳೆಯದಲ್ಲ ಎಂದು ಆ ಉತ್ತರಗಳ ಕೆಳಗೆ ಒಂದು ಸಾಲು ಸೇರಿಸಿದೆ. ಅದನ್ನು ಯಾರೂ ಓದಿದ ಹಾಗಿಲ್ಲ.

ಐದನೆಯ ಡಬ್ಬಿಯನ್ನು ದೊಡ್ಡವ್ವನೇ ಇಟ್ಟಳು, ಬಾಣಂತಿ ಇರುವಾಗ ಕೋಣೆಗೆ ಕಚೇರಿಯ ಸಾಮಾನು ತರಲು ನನಗೆ ಪರವಾನಗಿ ಇರಲಿಲ್ಲ. ಮೂರು ದಿನ ಯಾರನ್ನೂ ಅದರ ಹತ್ತಿರ ಬಿಡಲಿಲ್ಲವಂತೆ, ಗುರುಬಾಯಿಯನ್ನಂತೂ ಬಾಗಿಲಲ್ಲೇ ನಿಲ್ಲಿಸಿದಳಂತೆ. ಎರಡು ವಾರದ ನಂತರ ಚೀಟಿ ಬಂತು. ಒಂದು ಮಧ್ಯಾಹ್ನ ಅದನ್ನು ಹಿಡಿದು ಕೆಳಗಿಳಿದೆ. ಕಸ್ತೂರಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ದೊಡ್ಡವ್ವ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಕೆಮ್ಮು ಇನ್ನೂ ಪೂರ್ತಿ ಹೋಗಿರಲಿಲ್ಲ. ಮೂವತ್ತಮೂರು ವರ್ಷದ ಉಸಿರನ್ನು ಯಾವ ಕೊಳವೆಯೂ ವಾಪಸು ಎಳೆಯುವುದಿಲ್ಲ ಎಂದು ನನಗೆ ಗೊತ್ತಿದೆ. ಇನ್ನು ಮುಂದಿನದಕ್ಕಷ್ಟೇ ನಾನು ಹೊಣೆ.

"ಎಪ್ಪತ್ನಾಲ್ಕು," ಎಂದೆ.

"ನನಗ್ಯಾಕ ಹೇಳತೀ?" ಎಣ್ಣೆಗೈಯಿಂದ ಮೂಲೆಯ ಕಿಂಡಿಯತ್ತ ತೋರಿಸಿದಳು. "ಅಕೀಗಿ ಹೇಳು. ಈ ಅಂಕಿಗಿ ಕಾದಾಕಿ ಅಕಿ."

ಇಂಥದ್ದನ್ನೆಲ್ಲ ನಾನು ಮಾಡುವವಳಲ್ಲ, ದೊಡ್ಡವ್ವನಿಗೂ ಅದು ಗೊತ್ತು. ಆಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ತಲೆಯೆತ್ತದೆ ಮಗುವಿನ ಬೆನ್ನು ತಿಕ್ಕುತ್ತಲೇ ಇದ್ದಳು. ಚೀಟಿಯನ್ನು ಮಡಚಿ ಮೂಲೆಗೆ ಹೋಗಿ ಮೊಣಕಾಲೂರಿದೆ. ಕಿಂಡಿಯ ಅಂಚಿನಲ್ಲಿ ಅಂಗೈ ಹಿಡಿದೆ. ಗಾಳಿ ನನ್ನ ಬೆರಳ ಸಂದಿನಿಂದ ಕೆಳಗೆ ಹೋಗುತ್ತಿತ್ತು.

"ಎಪ್ಪತ್ನಾಲ್ಕು ಅವ್ವಾ," ಎಂದೆ. ಅಂಕಿಯನ್ನು ಘಟಕವಿಲ್ಲದೆ ಹೇಳಬಾರದು. "ಬೆಕರೆಲ್," ಎಂದೂ ಸೇರಿಸಿದೆ. "ಒಂದು ಘನ ಮೀಟರಿಗೆ."